ಮನೆಗೆ ನಾಯಿಮರಿ: ಒಪ್ಪಿಗೆ ಯಾರದು?

ಶಾಲೆಗೆ ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ನಾಯಿಮರಿ ಬೇಕು. ತಂದೆ ಒಲಿದರೆ ಮರಿ ಬಂದೇಬಿಡುತ್ತದೆ. ಆದರೆ ಅಜ್ಜ-ಅಜ್ಜಿ, ಅಣ್ಣ-ತಮ್ಮಂದಿರ ಸಂಸಾರಗಳು ಕೂಡಿ ಬಾಳುವ ಮನೆಯಲ್ಲಿ ಒಬ್ಬರ ಒಲವು ಎಲ್ಲರ ಒಪ್ಪಿಗೆಯಾಗಲಾರದು.

ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 13 ವರ್ಷ. ಇಂದು ಐದನೆಯ ತರಗತಿಯಲ್ಲಿರುವ ಬಾಲಕನು ಕಾಲೇಜಿಗೆಂದು ಪರಸ್ಥಳಕ್ಕೆ ಹೋದಾಗಲೂ ಅದು ಮನೆಯಲ್ಲಿಯೇ ಇರುತ್ತದೆ. ಆಗ ಅನ್ನವಿಡುವವರು ಯಾರು? ಅಂಗಳದ ಹೊಲಸು ತೆಗೆಯುವವರು ಯಾರು? ಬಹುಮಟ್ಟಿಗೆ ಆ ಹೊಣೆ, ಕೇಳದೆಯೇ, ಮನೆಯ ಸೊಸೆಯ ಹೆಗಲೇರುತ್ತದೆ. ಆದುದರಿಂದ ಮೊದಲು ಕೇಳಬೇಕಾದುದು ಆಕೆಯನ್ನು ಎಂದು ನಾವು ಭಾವಿಸುತ್ತೇವೆ.

ಹಿರಿಯರ ಅಂಜಿಕೆಯನ್ನೂ, ಉಬ್ಬಸದವರಿದ್ದರೆ ಅವರ ತೊಂದರೆಯನ್ನೂ ಹಗುರಾಗಿ ಕಾಣಬಾರದು. ರೇಬೀಸ್ ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ಅತಿ ವಿರಳ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಅನಂತರ ಪಶುವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆ ತಪ್ಪಬಾರದು. ಕಚ್ಚಿದರೆ, ಪರಚಿದರೆ ಗಾಯವನ್ನು ಕೂಡಲೇ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಮನೆಯ ನಾಯಿಯೆಂಬ ಉದಾಸೀನ ಸಲ್ಲದು.

ಮನೆಮಂದಿಯೆಲ್ಲ ಕೂಡಿ ಕುಳಿತು ಮಾತಾಡಲಿ. ಊಟ, ತಿರುಗಾಟ, ಸ್ವಚ್ಛತೆ, ಲಸಿಕೆಯ ಖರ್ಚು ಒಂದೊಂದಕ್ಕೂ ಒಬ್ಬೊಬ್ಬರು ಒಪ್ಪಿಕೊಂಡರೆ ಮರಿಯನ್ನು ಸಂತೋಷದಿಂದ ತರಬಹುದು. ಇಲ್ಲದಿದ್ದರೆ ಬೇಡವೆನ್ನುವುದೇ ಲೇಸು. ಬೇಸರವಾದಾಗ ಬೀದಿಗೆ ಬಿಟ್ಟು, ಹಸಿವು ನೀರಡಿಕೆಗಳಿಂದ ನರಳಿಸುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆ ಹಾಗಿರಲಿ, ನಂಬಿ ಬಂದ ಮೂಕಪ್ರಾಣಿಗೆ ಬಾಗಿಲು ಮುಚ್ಚುವುದನ್ನು ಮಕ್ಕಳು ನಮ್ಮಿಂದ ಕಲಿಯಬಾರದು.