ಶೇ 40 ಮಳೆ: ಕೊಡೆ ಹಿಡಿಯಬೇಕೇ, ಬೇಡವೇ?

ಮಾತಿಗೆ ವಸ್ತು ಸಿಗದಿದ್ದಾಗ ಇಂಗ್ಲಿಷರು ಹವಾಮಾನದ ಮೊರೆಹೋಗುತ್ತಾರೆ ಎಂಬ ಲಘುಮಾತು ನಮ್ಮಲ್ಲಿ ಹಳೆಯದು. ಆದರೆ ಲಡ್ಲೋದಂತಹ ಪುಟ್ಟ ಸಂತೆ ಪಟ್ಟಣದಲ್ಲಿ ನಾಲ್ಕಾರು ವಸಂತಗಳನ್ನು ಕಳೆದವರಿಗೆ ಆ ಮಾತು ಲಘುವಾಗಿ ಕೇಳಿಸುವುದಿಲ್ಲ. ಶ್ರಾಪ್‌ಶೈರ್ ಕೌಂಟಿಯ ದಕ್ಷಿಣದಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿ, ಟೀಮ್ ನದಿಯ ತಿರುವಿನಲ್ಲಿರುವ ಈ ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಹತ್ತು ಸಾವಿರ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕಟ್ಟಲಾರಂಭಿಸಿದ ಕೋಟೆಯ ಮುಂದಿನ ಚೌಕದಲ್ಲಿ ಸೋಮ, ಬುಧ, ಶುಕ್ರ ಮತ್ತು ಶನಿವಾರಗಳಂದು ಸಂತೆ ಸೇರುತ್ತದೆ. ಅಂಗಡಿಗಳಿಗೆ ಬಟ್ಟೆಯ ಮಾಡು ಬಿಟ್ಟರೆ ಬೇರೆ ಆಸರೆಯಿಲ್ಲ. ಇಲ್ಲಿ ಮುನ್ಸೂಚನೆಯೆಂದರೆ ದಿನದ ದುಡಿಮೆ.

ವಸಂತದಲ್ಲಿ ಈ ನಾಡಿನ ಆಕಾಶ ಇಷ್ಟೊಂದು ಚಂಚಲವಾಗಲು ಕಾರಣಗಳು ಸ್ಪಷ್ಟವಾಗಿವೆ. ಮಾರ್ಚ್, ಏಪ್ರಿಲ್ ವೇಳೆಗೆ ಸೂರ್ಯ ಮೇಲೇರಿ ನೆಲವನ್ನು ಬೇಗ ಕಾಯಿಸುತ್ತಾನೆ. ಸುತ್ತಲಿನ ಸಮುದ್ರ ಮಾತ್ರ ಚಳಿಗಾಲದ ತಂಪನ್ನು ಇನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಗಾಳಿ ಅಟ್ಲಾಂಟಿಕ್ ಕಡೆಯಿಂದ ಬೀಸಿದರೆ ತೇವ, ಉತ್ತರಧ್ರುವದ ಕಡೆಯಿಂದ ಬೀಸಿದರೆ ಹಿಮ, ದಕ್ಷಿಣದಿಂದ ಬೀಸಿದರೆ ಹಿತವಾದ ಬಿಸಿಲು. ಗಾಳಿ ದಿಕ್ಕು ಬದಲಿಸಲು ಒಂದು ರಾತ್ರಿ ಸಾಕು. 2021ರ ಮಾರ್ಚ್ 30ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತಾಪಮಾನ 24.5 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ವಾರ ಕಳೆಯುವುದರೊಳಗೆ, ಈಸ್ಟರ್ ಸೋಮವಾರದಂದು, ಬ್ರಿಟನ್ನಿನ ಹಲವು ಕಡೆ ಹಿಮ ಬಿತ್ತು.

ಇಂತಹ ಋತುವಿನಲ್ಲಿ ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ‘ಮಳೆಯ ಸಂಭವ ಶೇ 40’ ಎಂದಾಗ ಬಹಳಷ್ಟು ಮಂದಿಗೆ ಸಿಡಿಮಿಡಿಯಾಗುತ್ತದೆ. ‘ಬರುತ್ತದೆಯೋ ಇಲ್ಲವೋ ಹೇಳಬಾರದೇ? ಇದು ಜಾರಿಕೊಳ್ಳುವ ಮಾತು’ ಎನ್ನುವವರನ್ನು ನಾನು ಕನ್ನಡ ಬಳಗದ ಕೂಟಗಳಲ್ಲೂ ಕಂಡಿದ್ದೇನೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ಆ ಶೇ 40 ಎಂಬುದೇ ಮುನ್ಸೂಚನೆಯ ಅತ್ಯಂತ ಪ್ರಾಮಾಣಿಕವಾದ ಭಾಗ.

ವಸಂತದ ಮಳೆ ಬಹುಪಾಲು ಬಿಡಿ ಮೋಡಗಳ ಮಳೆ. ಬಿಸಿಲಿಗೆ ಕಾದ ನೆಲದಿಂದ ಮೇಲೇರಿದ ಗಾಳಿ, ಎತ್ತರದ ಶೀತಲ ಪದರದಲ್ಲಿ ಮೋಡವಾಗಿ, ಅರ್ಧ ಗಂಟೆ ಸುರಿದು ಕರಗಿಹೋಗುತ್ತದೆ. ಅಂತಹ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು. ಈ ಮಧ್ಯಾಹ್ನ ಶ್ರಾಪ್‌ಶೈರಿನಲ್ಲಿ ಅಂಥ ಮೋಡಗಳು ಏಳುತ್ತವೆ ಎಂದು ಹೇಳಬಹುದು. ಅವುಗಳಲ್ಲಿ ಒಂದು ಲಡ್ಲೋದ ಚೌಕದ ಮೇಲೆಯೇ ಎರಡು ಗಂಟೆಗೆ ಸುರಿಯುತ್ತದೆ ಎಂದು ಹಿಂದಿನ ದಿನವೇ ಹೇಳಲಾಗದು. ಆದ್ದರಿಂದ ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಗಣಕಯಂತ್ರದಲ್ಲಿ ಹಲವು ಬಾರಿ ಲೆಕ್ಕ ಹಾಕುತ್ತಾರೆ. ಶೇ 40 ಎಂದರೆ, ಇಂತಹ ಹತ್ತು ಸಂದರ್ಭಗಳಲ್ಲಿ ನಾಲ್ಕರಲ್ಲಿ ಆ ಜಾಗದಲ್ಲಿ, ಆ ಅವಧಿಯಲ್ಲಿ ಮಳೆಯಾಗುವ ನಿರೀಕ್ಷೆ ಇದೆ ಎಂದರ್ಥ. ಊರಿನ ಶೇ 40 ಭಾಗ ನೆನೆಯುತ್ತದೆ ಎಂದಾಗಲಿ, ದಿನದ ಶೇ 40 ಹೊತ್ತು ಮಳೆ ಸುರಿಯುತ್ತದೆ ಎಂದಾಗಲಿ ಅಲ್ಲ.

ನನ್ನ ತಕರಾರು ಇರುವುದು ಮೊಬೈಲ್ ಪರದೆಯ ಪುಟ್ಟ ಚಿತ್ರದ ಮೇಲೆ. ಇಡೀ ದಿನಕ್ಕೆ ಒಂದೇ ಗುರುತು: ಕಪ್ಪು ಮೋಡ, ಎರಡು ಹನಿ. ಒಂದು ಗಂಟೆಯ ಮಳೆಯೂ ಇಡೀ ದಿನದ ಹಣೆಪಟ್ಟಿಯಾಗಿಬಿಡಬಹುದು. ಅದನ್ನು ನೋಡಿದ ಪರವೂರಿನ ಕುಟುಂಬ ಲಡ್ಲೋಗೆ ಬರುವ ಆಲೋಚನೆಯನ್ನು ಕೈಬಿಡುತ್ತದೆ. ಬ್ರೆಡ್ಡು, ಚೀಸು, ಹೂವಿನ ಸಸಿಗಳನ್ನು ನಸುಕಿನಲ್ಲೇ ತಂದು ಹರಡಿದವರು ಒಣ ನೆಲದ ಮೇಲೆ, ಎಳೆ ಬಿಸಿಲಿನಲ್ಲಿ, ಬಾರದ ಗಿರಾಕಿಗಾಗಿ ಕಾಯುತ್ತಾರೆ. ‘ಮಳೆಗಿಂತ ಮಳೆಯ ಚಿತ್ರವೇ ನಮ್ಮನ್ನು ಹೆಚ್ಚು ನೆನೆಸುತ್ತದೆ’ ಎಂದು ಸಸಿ ಮಾರುವ ಒಬ್ಬರು ನನ್ನೊಡನೆ ಹೇಳಿದ್ದುಂಟು. ಸಂಖ್ಯೆಯಲ್ಲಿದ್ದ ಸಂಶಯ ಚಿತ್ರದಲ್ಲಿ ತೀರ್ಪಾಗಿ ಮಾರ್ಪಟ್ಟಿರುತ್ತದೆ. ಆ ತೀರ್ಪಿನ ದಂಡ ತೆರುವವರು ಸಣ್ಣ ವ್ಯಾಪಾರಿಗಳು.

ಜನರಿಗೆ ಪುರುಸೊತ್ತಿಲ್ಲ, ಅವರಿಗೆ ಬೇಕಾದದ್ದು ಒಂದೇ ನೋಟದ ಉತ್ತರ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಒಂದೇ ನೋಟದ ಉತ್ತರ ಎಲ್ಲರ ಪ್ರಶ್ನೆಗೂ ಹೊಂದುವುದಿಲ್ಲ. ಬಟ್ಟೆ ಒಣಹಾಕುವವರಿಗೆ ಶೇ 40 ಅಷ್ಟೇನೂ ದೊಡ್ಡದಲ್ಲ. ಬಯಲಿನಲ್ಲಿ ಯುಗಾದಿಯ ಊಟ ಏರ್ಪಡಿಸಿದವರಿಗೆ ಶೇ 20 ಕೂಡ ಶಾಮಿಯಾನ ಹಾಕಿಸಲು ಸಾಕಾದ ಕಾರಣ. ನಷ್ಟ ಎಷ್ಟೆಂದು ಬಲ್ಲವರು ನಾವು. ಸಂಭವ ಎಷ್ಟೆಂದು ಬಲ್ಲವರು ಅವರು. ಎರಡನ್ನೂ ತೂಗಿ ನಿರ್ಧರಿಸುವ ಹೊಣೆಯನ್ನು ಚಿತ್ರಕ್ಕೆ ಒಪ್ಪಿಸಬಾರದು.

ಮಂಜುಗಟ್ಟುವ ರಾತ್ರಿಗಳ ವಿಷಯದಲ್ಲೂ ಇದೇ ಮಾತು. ಮುನ್ಸೂಚನೆಯಲ್ಲಿ ಕನಿಷ್ಠ ತಾಪಮಾನ 3 ಡಿಗ್ರಿ ಎಂದಿದ್ದರೆ ಸಸಿಗಳು ಕ್ಷೇಮ ಎಂದುಕೊಳ್ಳುವವರಿದ್ದಾರೆ. ಇಲ್ಲಿ ಗಾಳಿಯ ತಾಪಮಾನವನ್ನು ಅಳೆಯುವುದು ನೆಲದಿಂದ 1.25 ಮೀಟರ್ ಎತ್ತರದಲ್ಲಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಹುಲ್ಲಿನ ಮಟ್ಟದ ತಾಪಮಾನ ಅದಕ್ಕಿಂತ ಹಲವು ಡಿಗ್ರಿ ಕೆಳಗಿಳಿಯಬಹುದು. ತಣ್ಣನೆಯ ಗಾಳಿ ಕಣಿವೆಯ ತಳಕ್ಕೆ ಹರಿದು ಅಲ್ಲಿಯೇ ನಿಲ್ಲುತ್ತದೆ. ಹಿತ್ತಿಲಲ್ಲಿ ಹುರುಳಿಕಾಯಿ ಬಳ್ಳಿ ಹಬ್ಬಿಸುವ ನಮ್ಮಂಥವರಿಗೆ ಇದು ಒಂದು ಬುಟ್ಟಿ ಕಾಯಿಯ ಪ್ರಶ್ನೆ. ಪಕ್ಕದ ಹೆರಿಫರ್ಡ್‌ಶೈರಿನ ಸೇಬು ಬೆಳೆಗಾರರಿಗೆ, ಹೂ ಬಿಟ್ಟ ತೋಟದಲ್ಲಿ ಒಂದೇ ರಾತ್ರಿಯ ಹಿಮ ವರ್ಷದ ಫಸಲಿನ ಪ್ರಶ್ನೆ.

ಮುನ್ಸೂಚಕರನ್ನು ಗೇಲಿ ಮಾಡುವವರು ಒಂದು ಚರಿತ್ರೆಯನ್ನು ನೆನೆಯಬೇಕು. ಮೆಟ್ ಆಫೀಸ್ 1854ರಲ್ಲಿ ಆರಂಭವಾದಾಗ ಅದರ ಹೊಣೆ ಹೊತ್ತವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪಯಣಿಸಿದ ಬೀಗಲ್ ಹಡಗಿನ ಕಪ್ತಾನರಾಗಿದ್ದವರು. 1859ರ ಚಂಡಮಾರುತದಲ್ಲಿ ರಾಯಲ್ ಚಾರ್ಟರ್ ಹಡಗು ಒಡೆದು ನಾನೂರಕ್ಕೂ ಹೆಚ್ಚು ಮಂದಿ ಸತ್ತ ಬಳಿಕ ಅವರು ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ನೀಡುವ ವ್ಯವಸ್ಥೆ ಕಟ್ಟಿದರು. 1861ರ ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಮುನ್ಸೂಚನೆ ಪ್ರಕಟವಾಯಿತು. ಇದು ಭವಿಷ್ಯವಾಣಿಯಲ್ಲ, ಲೆಕ್ಕದಿಂದ ಮೂಡಿದ ಅಭಿಪ್ರಾಯ ಎಂದು ಅವರು ಒತ್ತಿ ಹೇಳಿದರೂ ಗೇಲಿ ನಿಲ್ಲಲಿಲ್ಲ. 1865ರಲ್ಲಿ ಅವರು ತೀರಿಕೊಂಡರು. ಮರುವರ್ಷ ಮುನ್ಸೂಚನೆಗಳೂ ಎಚ್ಚರಿಕೆಗಳೂ ನಿಂತವು. ಬಿರುಗಾಳಿಯ ಎಚ್ಚರಿಕೆ 1867ರಲ್ಲಿ ಮರಳಿತು. ಪತ್ರಿಕೆಗಳ ಮುನ್ಸೂಚನೆ ಮರಳಲು 1879ರವರೆಗೆ ಕಾಯಬೇಕಾಯಿತು. ಖಚಿತವಲ್ಲದ ಜ್ಞಾನವನ್ನು ಜ್ಞಾನವೇ ಅಲ್ಲವೆಂದು ತಳ್ಳಿಹಾಕಿದ್ದಕ್ಕೆ ಒಂದು ದೇಶ ತೆತ್ತ ಬೆಲೆ ಇದು.

ಕನ್ನಡಿಗರಾದ ನಮಗೆ ಈ ಬಗೆಯ ಅರಿವು ಅಪರಿಚಿತವೇನಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ಮಳೆ ನಕ್ಷತ್ರಗಳನ್ನು ಎಣಿಸಿದ ನಮ್ಮ ಹಿರಿಯರು ಯಾವ ಮಳೆಯ ಮೇಲೆ ಎಷ್ಟು ಭರವಸೆ ಇಡಬೇಕೆಂದು ಬಲ್ಲವರಾಗಿದ್ದರು. ಒಂದು ಮಳೆ ಕೈಕೊಟ್ಟರೂ ಇನ್ನೊಂದು ಕಾದೀತೆಂದು ಬಗೆಬಗೆಯ ಕಾಳುಗಳನ್ನು ಸೇರಿಸಿ ಅಕ್ಕಡಿ ಬಿತ್ತುತ್ತಿದ್ದರು. ಅದು ಸಂಶಯವನ್ನು ಒಪ್ಪಿಕೊಂಡು ಬದುಕಿದ ಬೇಸಾಯ. ಇಂದು ಅದೇ ಹೊಲದ ರೈತನ ಮೊಬೈಲಿಗೂ ಮುನ್ಸೂಚನೆ ತಲುಪುತ್ತಿದೆ. ಅವನಿಗೂ ಬೇಕಾದದ್ದು ಬಣ್ಣದ ಚಿತ್ರವಲ್ಲ. ಎಷ್ಟು ಸಂಭವ, ಯಾವ ಹೊತ್ತಿಗೆ, ಎಷ್ಟು ಮಿಲಿಮೀಟರ್ ಎಂಬ ನೇರವಾದ ಮಾತು.

ಆದುದರಿಂದ ಮುನ್ಸೂಚನೆ ಪ್ರಕಟಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ವಸಂತದ ದಿನವನ್ನು ಒಂದೇ ಗುರುತಿನಲ್ಲಿ ಅಡಗಿಸಬೇಡಿ; ಬೆಳಗು, ಮಧ್ಯಾಹ್ನ, ಸಂಜೆಗಳನ್ನು ಬೇರೆ ಬೇರೆಯಾಗಿ ತೋರಿಸಿ, ಸಂಭವದ ಸಂಖ್ಯೆಯನ್ನು ಚಿತ್ರಕ್ಕಿಂತ ದೊಡ್ಡದಾಗಿ ಬರೆಯಿರಿ. ಓದುವ ನಾವು ಗಂಟೆಗಂಟೆಯ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸೋಣ. ಶೇ 40 ಮಳೆಯ ದಿನದಲ್ಲಿ ಶೇ 60 ಒಣ ಹವೆಯ ಸಂಭವವೂ ಇದೆ. ಕೊಡೆಯನ್ನು ಚೀಲದಲ್ಲಿಟ್ಟುಕೊಂಡು ಸಂತೆಗೆ ಹೋಗಲು ಅಷ್ಟು ಸಾಕು.