ಆ ಫೆರಾರಿಯ ಆಟೋಮ್ಯಾಟಿಕ್ ಗೇರ್ ಅಲ್ಲೇ ಇರಲಿ

1976ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಫೆರಾರಿ ಕಂಪನಿ '400' ಎಂಬ ಕಾರನ್ನು ಜನರ ಮುಂದಿಟ್ಟಿತು. ಹನ್ನೆರಡು ಸಿಲಿಂಡರಿನ 4.8 ಲೀಟರ್ ಎಂಜಿನ್, ನಾಲ್ಕು ಸೀಟು, ಪಿನಿನ್‌ಫರೀನಾ ಸಂಸ್ಥೆಯ ನೇರ ಗೆರೆಗಳ ಮೈಕಟ್ಟು. ಫೆರಾರಿ ಗಿರಾಕಿಗಳಿಗೆ ಇವೆಲ್ಲ ಪರಿಚಿತವಾಗಿದ್ದವು. ಪರಿಚಿತವಲ್ಲದ್ದು ಅದರ ಆಟೋಮ್ಯಾಟಿಕ್ ಗೇರ್. ಅಲ್ಲಿಯವರೆಗೆ ಯಾವ ಫೆರಾರಿಯೂ ಕ್ಲಚ್ ಪೆಡಲ್ ಇಲ್ಲದೆ ಮಾರಾಟಕ್ಕೆ ಬಂದಿರಲಿಲ್ಲ. ಐದು ಗೇರಿನ ಮ್ಯಾನುವಲ್ ಕಾರೂ ಜೊತೆಯಲ್ಲೇ ಲಭ್ಯವಿತ್ತು. ಆದರೂ ತಯಾರಾದ 502 ಕಾರುಗಳಲ್ಲಿ 355 ಆಟೋಮ್ಯಾಟಿಕ್ ಆಗಿದ್ದವು. ಇಂದು ಅದೇ ಕಾರುಗಳು ಯುರೋಪು, ಅಮೆರಿಕದ ಗ್ಯಾರೇಜುಗಳಲ್ಲಿ ಒಂದೊಂದಾಗಿ ಮ್ಯಾನುವಲ್ ಆಗುತ್ತಿವೆ. ಹಳೆಯ ಕಾರುಗಳ ಪೇಟೆಯಲ್ಲಿ ಮ್ಯಾನುವಲ್‌ಗೆ ಹೆಚ್ಚು ಬೆಲೆ ಸಿಗುತ್ತದೆ ಎಂಬುದೇ ಮುಖ್ಯ ಕಾರಣ. ಈ ಪರಿವರ್ತನೆ ನಿಲ್ಲಬೇಕು ಎಂಬುದು ನನ್ನ ವಾದ. ನಿಲ್ಲಿಸಲಾಗದು ಎನ್ನುವವರು ಕೊನೆಯ ಪಕ್ಷ ಹಿಂದಕ್ಕೆ ಮರಳುವ ದಾರಿಯನ್ನಾದರೂ ತೆರೆದಿಡಬೇಕು.

ಆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ ಇರುವ ತಾತ್ಸಾರಕ್ಕೆ ಆಧಾರವಿಲ್ಲ. ಅದು ಅಮೆರಿಕದ ಜನರಲ್ ಮೋಟಾರ್ಸ್ ತಯಾರಿಸಿದ ಟರ್ಬೊ ಹೈಡ್ರಾಮ್ಯಾಟಿಕ್ 400, ಮೂರು ಗೇರಿನದು. 1964ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂತು. ರೋಲ್ಸ್ ರಾಯ್ಸ್ ತನ್ನ ಸಿಲ್ವರ್ ಶ್ಯಾಡೊಗೆ ಇದನ್ನೇ ಆರಿಸಿಕೊಂಡಿತು, ಮುಂದೆ ಜಾಗ್ವಾರ್ ತನ್ನ ಹನ್ನೆರಡು ಸಿಲಿಂಡರಿನ ಕಾರಿಗೂ ಇದನ್ನೇ ತಂದಿತು. ಭಾರದ ಟ್ರಕ್ಕುಗಳಲ್ಲಿ ದುಡಿದಿದೆ, ಡ್ರ್ಯಾಗ್ ರೇಸಿನವರು ಇಂದಿಗೂ ಇದನ್ನು ನಂಬುತ್ತಾರೆ. ತನ್ನದೇ ಆಟೋಮ್ಯಾಟಿಕ್ ರೂಪಿಸುವ ಅನುಭವವಿಲ್ಲದ ಇಟಲಿಯ ಒಂದು ಸಣ್ಣ ಕಂಪನಿ, ದೊಡ್ಡ ಎಂಜಿನ್ನಿನ ಬಲವನ್ನು ತಡೆದುಕೊಳ್ಳುವ ಪೆಟ್ಟಿಗೆಯನ್ನು ಸಮುದ್ರದಾಚೆಯಿಂದ ತರಿಸಿಕೊಂಡಿತು. ಎಪ್ಪತ್ತರ ದಶಕದ ಕಾರು ಉದ್ಯಮ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಈ ಗೇರ್‌ಬಾಕ್ಸ್ ಒಂದು ಸಾಕ್ಷ್ಯ. ರೇಸ್ ಕಾರಿನ ಹೆಸರು ಬೇಕು, ಆದರೆ ಕುಟುಂಬವನ್ನು ಕೂರಿಸಿಕೊಂಡು ದೂರದ ಹೆದ್ದಾರಿಯಲ್ಲಿ ಆರಾಮವಾಗಿ ಹೋಗಬೇಕು ಎಂದು ಬಯಸಿದ ಗಿರಾಕಿ ಆಗ ಎಷ್ಟು ಪ್ರಬಲನಾಗಿದ್ದ ಎಂಬುದಕ್ಕೂ ಅದೇ ಸಾಕ್ಷ್ಯ. ಇದನ್ನು ಕಳಚಿದರೆ ಉಳಿಯುವ ಕಾರು ಆ ಗಿರಾಕಿಯ ಬಗ್ಗೆ ಏನೂ ಹೇಳುವುದಿಲ್ಲ.

ಪರಿವರ್ತನೆ ಎಂದರೆ ಒಂದು ಪೆಟ್ಟಿಗೆ ಇಳಿಸಿ ಇನ್ನೊಂದನ್ನು ಏರಿಸುವ ಕೆಲಸವಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಅದನ್ನು ಹಿಡಿದಿರುವ ತೆಳು ಉಕ್ಕಿನ ತಟ್ಟೆ ಹೊರಬರುತ್ತವೆ, ಆ ಜಾಗಕ್ಕೆ ತೂಕದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಬರುತ್ತವೆ. ಅಗಲವಾದ ಬ್ರೇಕ್ ಪೆಡಲ್ ತೆಗೆದು ಎರಡು ಕಿರಿದಾದ ಪೆಡಲ್‌ಗಳನ್ನು ಕೂರಿಸಬೇಕು. ಪ್ರೊಪೆಲ್ಲರ್ ಶಾಫ್ಟ್, ಗೇರ್‌ಬಾಕ್ಸ್ ಹೊರುವ ಆಧಾರಪಟ್ಟಿ, ಸ್ಪೀಡೋಮೀಟರಿನ ಸಂಪರ್ಕ, ರಿವರ್ಸ್ ದೀಪದ ಸ್ವಿಚ್ ಇವೆಲ್ಲವನ್ನೂ ಹೊಂದಿಸಬೇಕು. ಗೇರ್ ಎಣ್ಣೆಯನ್ನು ತಂಪಾಗಿಸಲು ಮುಂದಿನವರೆಗೆ ಹೋಗಿದ್ದ ಕೊಳವೆಗಳಿಗೆ ಇನ್ನು ಕೆಲಸವಿಲ್ಲ. ಇಷ್ಟೆಲ್ಲವನ್ನು ಬೋಲ್ಟ್ ಬಿಚ್ಚಿ, ಬೋಲ್ಟ್ ಹಾಕಿಯೇ ಮಾಡಬಹುದು. ಅವಸರದ ಗ್ಯಾರೇಜಿನಲ್ಲಿ ಮಾತ್ರ ನೆಲದ ಟನಲ್‌ಗೆ ಕಟರ್ ಬೀಳುತ್ತದೆ, ಹೊಸ ಆಧಾರಪಟ್ಟಿಗೆ ವೆಲ್ಡಿಂಗ್ ಆಗುತ್ತದೆ, ತೆಗೆದ ಗೇರ್‌ಬಾಕ್ಸ್ ಗುಜರಿಗೆ ಹೋಗುತ್ತದೆ. ಅಲ್ಲಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಇನ್ನೊಂದು ಪ್ರಶ್ನೆಯನ್ನು ಹೆಚ್ಚು ಜನ ಕೇಳುವುದಿಲ್ಲ: ಕೂರಿಸುವ ಮ್ಯಾನುವಲ್ ಗೇರ್‌ಬಾಕ್ಸ್ ಬರುವುದು ಎಲ್ಲಿಂದ? ಅದು ಮೂಲದ್ದೇ ಆಗಿದ್ದರೆ, ಎಲ್ಲೋ ಒಂದು ಮ್ಯಾನುವಲ್ ಫೆರಾರಿಯನ್ನು ಬಿಡಿಭಾಗಗಳಿಗಾಗಿ ಕಳಚಿರುವ ಸಾಧ್ಯತೆಯೇ ಹೆಚ್ಚು.

ಇದಕ್ಕೆ ಬಲವಾದ ಆಕ್ಷೇಪಣೆಗಳಿವೆ. ಕಾರ್ಖಾನೆಯೇ ಎರಡೂ ಬಗೆಯನ್ನು ಮಾಡಿದ್ದರಿಂದ, ಮ್ಯಾನುವಲ್ ಮಾಡಿದ ಕಾರು ಕಾರ್ಖಾನೆಯ ಕಾರಿನಂತೆಯೇ ಇರುತ್ತದಲ್ಲ ಎಂಬುದು ಮೊದಲನೆಯದು. ಮಾದರಿಯ ಮಟ್ಟದಲ್ಲಿ ಇದು ನಿಜ. ಆದರೆ ಒಂದೊಂದು ಚಾಸಿ ಸಂಖ್ಯೆಯ ಹಿಂದೆಯೂ ಒಬ್ಬ ಗಿರಾಕಿ ಕೊಟ್ಟ ಆರ್ಡರ್ ಇದೆ, ಕಾರ್ಖಾನೆಯ ದಾಖಲೆ ಇದೆ. ಹಳೆಯ ಕಾರಿಗೆ ಮಾನ್ಯತೆ ಕೊಡುವಾಗ ಫೆರಾರಿಯ ಕ್ಲಾಸಿಕೆ ವಿಭಾಗ ಗೇರ್‌ಬಾಕ್ಸನ್ನೂ ಆ ದಾಖಲೆಯೊಂದಿಗೆ ತಾಳೆ ನೋಡುವುದು ಇದೇ ಕಾರಣಕ್ಕೆ. ಮಾಲೀಕನ ಹಕ್ಕು ಎಂಬುದು ಎರಡನೆಯ ಆಕ್ಷೇಪಣೆ. ಆ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ, ಕಾನೂನೂ ಅಲ್ಲಗಳೆಯುವುದಿಲ್ಲ. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ ವಾಹನ ಮೂಲ ರೂಪದಲ್ಲೇ ಇರಬೇಕು ಎನ್ನುತ್ತವೆ. ದೊಡ್ಡ ಮಾರ್ಪಾಡು ಕೂಡದು ಎಂದು ಹೆಸರಿಸಿ ಹೇಳುವುದು ಚಾಸಿ, ಬಾಡಿ, ಎಂಜಿನ್ ಮುಂತಾದವನ್ನು. ಗೇರ್‌ಬಾಕ್ಸಿನಂಥ ಭಾಗದ ಹೊಣೆ ಬಹುಪಾಲು ಮಾಲೀಕನ ವಿವೇಚನೆಗೇ ಬೀಳುತ್ತದೆ, ಹಾಗಾಗಿ ಆ ವಿವೇಚನೆಯನ್ನು ಉದ್ದೇಶಿಸಿಯೇ ಮಾತಾಡಬೇಕಾಗಿದೆ.

ಓಡಿಸುವ ಸುಖದ ಆಕ್ಷೇಪಣೆ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ದಶಕಗಟ್ಟಲೆ ಗೇರ್ ಹಾಕಿಯೇ ಗಾಡಿ ಕಲಿತ ನಮ್ಮ ಓದುಗರಿಗೆ ಅದನ್ನು ವಿವರಿಸಬೇಕಿಲ್ಲ. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಎಡಗಾಲು, ಕೈ ಎರಡರಿಂದಲೂ ಆಳುವ ಖುಷಿಗೆ ಮೂರು ಗೇರಿನ ಆಟೋಮ್ಯಾಟಿಕ್ ಸಾಟಿಯಲ್ಲ, ಒಪ್ಪೋಣ. ಆದರೆ ಆ ಖುಷಿ ಬೇಕಾದವರಿಗೆ ಕಾರ್ಖಾನೆಯಿಂದಲೇ ಮ್ಯಾನುವಲ್ ಆಗಿ ಬಂದ ಕಾರುಗಳಿವೆ. ಬೆಲೆ ಹೆಚ್ಚು, ನಿಜ. ಆ ಹೆಚ್ಚುವರಿ ಬೆಲೆಯನ್ನು ತಪ್ಪಿಸಿಕೊಳ್ಳಲು ಅಪರೂಪದ ಇನ್ನೊಂದು ಕಾರನ್ನು ಬದಲಿಸುವುದು ಸುಖದ ಲೆಕ್ಕಕ್ಕೆ ಸೇರುವುದಿಲ್ಲ, ಹಣದ ಲೆಕ್ಕಕ್ಕೆ ಸೇರುತ್ತದೆ. ಹಣದ ಲೆಕ್ಕವೂ ಸ್ಥಿರವಲ್ಲ. 1976ರಲ್ಲಿ ಆಟೋಮ್ಯಾಟಿಕ್ ಬೇಕೆಂದವರೇ ಹೆಚ್ಚಿದ್ದರು, ಇಂದು ಮ್ಯಾನುವಲ್ ಬೇಕೆಂದವರು ಹೆಚ್ಚಿದ್ದಾರೆ. ಪೋರ್ಷೆ 911ರಲ್ಲಿ 1967ರಿಂದ 1980ರವರೆಗೆ ಸಿಗುತ್ತಿದ್ದ, ಕ್ಲಚ್ ಪೆಡಲ್ ಇಲ್ಲದ ಸ್ಪೋರ್ಟೊಮ್ಯಾಟಿಕ್ ಗೇರನ್ನೂ ಹೀಗೆಯೇ ಬಹಳಷ್ಟು ಜನ ಕಿತ್ತು ಹಾಕಿದರು. ಉಳಿದಿರುವ ಒಂದೊಂದು ಸ್ಪೋರ್ಟೊಮ್ಯಾಟಿಕ್ ಕಾರಿನ ವಿಶೇಷ ಈಗ ಅದೇ ಗೇರಿನಲ್ಲಿದೆ.

ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐವಿಎ ಒಪ್ಪಿರುವ ಟ್ಯೂರಿನ್ ಚಾರ್ಟರ್ ಬದಲಾವಣೆಯನ್ನು ಪೂರಾ ನಿಷೇಧಿಸುವುದಿಲ್ಲ. ಮಾಡಿದ್ದು ಕಡಿಮೆಯಿರಲಿ, ಹಿಂದಕ್ಕೆ ತಿರುಗಿಸುವಂತಿರಲಿ, ದಾಖಲಾಗಲಿ ಎಂಬುದು ಅದರ ಒತ್ತಾಯ. 400ಕ್ಕೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ಟನಲ್‌ಗೆ ಕಟರ್ ಹಾಕಬೇಡಿ. ಇಳಿಸಿದ ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್, ಪೆಡಲ್, ಲಿವರ್ ಎಲ್ಲವನ್ನೂ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟು ಕಾರಿನ ಜೊತೆಗೇ ಮುಂದಿನ ಮಾಲೀಕನಿಗೆ ದಾಟಿಸಿ. ಈಗಾಗಲೇ ಬದಲಾಗಿರುವ ಕಾರುಗಳನ್ನೆಲ್ಲ ಮತ್ತೆ ಬಿಚ್ಚಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ಅವುಗಳನ್ನು ಮಾರುವವರು, ಹರಾಜಿಗಿಡುವವರು ಈ ಕಾರು ಕಾರ್ಖಾನೆಯಿಂದ ಆಟೋಮ್ಯಾಟಿಕ್ ಆಗಿ ಬಂದಿತ್ತು ಎಂಬುದನ್ನು ವಿವರಣೆಯ ಮೊದಲ ಸಾಲಿನಲ್ಲೇ ಬರೆಯಬೇಕು, ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಲ್ಲ.