ಕುಶಲಕರ್ಮಿಯೇ ಅಳತೆಗೋಲು

ಹೊಸದನ್ನು ಕಂಡುಹಿಡಿದವನಿಗೆ ಅದರ ಫಲವನ್ನು ನಿಯತಕಾಲ ತಾನೊಬ್ಬನೇ ಅನುಭವಿಸುವ ಹಕ್ಕನ್ನು ಪೇಟೆಂಟ್ ಎನ್ನುವರು. ನಮ್ಮ ದೇಶದಲ್ಲಿ ಈಗ ಅದರ ಅವಧಿ 20 ವರ್ಷ. ಆದರೆ ವಸ್ತುವು ಹೊಸದಾಗಿದ್ದರಷ್ಟೇ ಸಾಲದು. ಆ ಕಸುಬಿನಲ್ಲಿ ಪಳಗಿದವನಿಗೆ ತಾನಾಗಿಯೇ ಹೊಳೆಯುವಂಥದ್ದು ಅದಾಗಿರಕೂಡದು.

ಈ ಮಾತಿನ ತಿರುಳನ್ನು ಒಂದು ಮೇಲ್ಮನವಿಯಿಂದ ಅರಿಯಬಹುದು. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಲೇತ್ ಯಂತ್ರಕ್ಕೆ ಕಚ್ಚಿಸಿ, ತಿರುಗಿಸಿ ಹೊಳಪು ಕೊಡುವಾಗ ಅವು ಜಾರಿ ಹಾರುವ ಅಪಾಯವಿತ್ತು. ಪಾತ್ರೆಯನ್ನು ಇನ್ನೊಂದು ತುದಿಯಿಂದ ಒತ್ತಿ ಹಿಡಿಯುವ ಸಾಧನಕ್ಕೆ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆಯ ಪಾಲುದಾರರೊಬ್ಬರು 1951ರಲ್ಲಿ ಪೇಟೆಂಟ್ ಕೋರಿ ಪಡೆದರು. ಬಳಿಕ ಆ ಸಂಸ್ಥೆಯು ಅದೇ ಉದ್ಯಮದ ಬಿಸ್ವನಾಥ್ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆಯ ಮೇಲೆ ದಾವೆ ಹೂಡಿತು. ಅಲಹಾಬಾದ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಪೇಟೆಂಟನ್ನು ರದ್ದುಪಡಿಸಿದರೆ, ವಿಭಾಗೀಯ ಪೀಠವು ಎತ್ತಿಹಿಡಿಯಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ರದ್ದುಗೊಳಿಸಿತು. ತುದಿಯ ಆಧಾರವು ಲೇತ್ ಕೆಲಸದವರಿಗೆ ಬಹುಕಾಲದಿಂದ ತಿಳಿದುದೇ; ಅದನ್ನು ಪಾತ್ರೆಗೆ ಹೊಂದಿಸಿದುದರಲ್ಲಿ ಸ್ವತಂತ್ರ ಚಿಂತನೆಯಾಗಲಿ ಸಂಶೋಧನೆಯಾಗಲಿ ಇಲ್ಲ ಎಂಬುದು ತೀರ್ಪಿನ ಸಾರ.

ಅಂದಿನ ತಿಳಿವಳಿಕೆಯಷ್ಟೇ ಉಳ್ಳ, ಈ ಸಾಧನವನ್ನು ಇನ್ನೂ ಕಂಡಿರದ ಸಮರ್ಥ ಕುಶಲಕರ್ಮಿಗೆ ಇದು ಹೊಳೆಯುತ್ತಿತ್ತೇ? ಇದೇ ಅಲ್ಲಿಯ ಒರೆಗಲ್ಲು. ಹೊಳೆಯುತ್ತಿತ್ತು ಎನ್ನುವವನು ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಗ್ರಂಥವನ್ನೋ ಯಂತ್ರವನ್ನೋ ಬಳಕೆಯನ್ನೋ ತೋರಬೇಕು. ಇಲ್ಲವೆನ್ನುವವನು, ಸಾಮಗ್ರಿ ಎಲ್ಲರ ಕೈಯಲ್ಲಿದ್ದರೂ ತೊಡಕು ವರ್ಷಗಟ್ಟಲೆ ಬಗೆಹರಿಯದೆ ಉಳಿದಿತ್ತೆಂದು ತೋರಿದರೆ ಅದು ಬಲವಾದ ಮರುವಾದ. ಒಗಟಿನ ಉತ್ತರ ತಿಳಿದ ಮೇಲೆ ಒಗಟು ಸುಲಭವೇ. ಆ ಸುಲಭತನದಿಂದ ಒಡೆದವನ ಬುದ್ಧಿಯನ್ನು ಅಳೆಯಲಾಗದು.

ಕಾಯಕವನ್ನೇ ಕೈಲಾಸವೆಂದು ನಂಬಿದ ನಮಗೆ ಇದರಲ್ಲೊಂದು ಸಮಾಧಾನವಿದೆ. ಇಲ್ಲಿ ಅಳತೆಗೋಲಾದವನು ಪಂಡಿತನಲ್ಲ, ಧನಿಕನಲ್ಲ. ಕೈಕೆಸರು ಮಾಡಿಕೊಂಡು ದುಡಿಯುವ ಕಾಯಕಜೀವಿ. ಹಲವರ ದುಡಿಮೆಯಲ್ಲಿ ಬೆಳೆದ ಅರಿವಿಗೆ ಒಬ್ಬನು ಬೇಲಿ ಹಾಕಿದರೆ ನೆರೆಯವನ ಅನ್ನ ಹೋಗುತ್ತದೆ. ನಿಜವಾಗಿ ಕಂಡುಹಿಡಿದವನಿಗೆ "ಇದು ನಮಗೂ ಗೊತ್ತಿತ್ತು" ಎಂದು ಫಲ ತಪ್ಪಿಸಿದರೆ ಅವನ ಶ್ರಮ ಕಳವಾಗುತ್ತದೆ. ಎರಡೂ ಅನ್ಯಾಯವೇ.